ಕತ್ತಲಲ್ಲಿ ಪರೀಕ್ಷೆಯಾದ ಸೆನ್ಸರುಗಳು

ನಮ್ಮ ಕಡೆ ಮದುವೆ ಫೋಟೋಗ್ರಾಫರು ರೀಲು ಬಿಟ್ಟು ಡಿಜಿಟಲ್‌ಗೆ ಬಂದದ್ದನ್ನು ಎಲ್ಲರೂ ಮೆಗಾಪಿಕ್ಸೆಲ್ ಲೆಕ್ಕದಲ್ಲೇ ಹೇಳುತ್ತಾರೆ. ಸಿಂಧನೂರಿನಲ್ಲಿ ಸ್ಟುಡಿಯೋ ಇಟ್ಟು, ಮಸ್ಕಿ, ಲಿಂಗಸುಗೂರಿನವರೆಗೂ ಆರ್ಡರ್ ಹಿಡಿದ ನಾನು ಒಪ್ಪುವುದಿಲ್ಲ. ಕಡಿಮೆ ಬೆಲೆಯ ಕ್ಯಾಮೆರಾಗಳು ಬೆಳೆದದ್ದು ಕತ್ತಲಿಗೆ ಒಗ್ಗಿಕೊಳ್ಳುತ್ತ.

2003ರಲ್ಲಿ ಕ್ಯಾನನ್ 300ಡಿ ಬಂತು. ಅದರದು 6.3 ಮೆಗಾಪಿಕ್ಸೆಲ್‌ನ ಸಿಮಾಸ್ ಸೆನ್ಸರು. 2006ರ ನಿಕಾನ್ ಡಿ40ರದು 6.1ರ ಸಿಸಿಡಿ. ಸಿಸಿಡಿಯಲ್ಲಿ ಬೆಳಕಿನಿಂದ ಹುಟ್ಟಿದ ವಿದ್ಯುದಾವೇಶ ಸಾಲುಸಾಲಾಗಿ ಸರಿದು ಒಂದು ಅಂಚಿಗೆ ಬರಬೇಕು, ಅಲ್ಲಿ ಅದರ ಅಳತೆ. ಸಿಮಾಸ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ ತನ್ನದೇ ಆಂಪ್ಲಿಫೈಯರ್. ಹಗಲಲ್ಲಿ ಡಿ40 ಕೊಡುತ್ತಿದ್ದ ಮೈಬಣ್ಣ ನನಗೆ ಇಂದಿಗೂ ಇಷ್ಟ. ಮದುವೆಯಲ್ಲಿ ಸುರಗಿ ನೀರು ಹಾಕುವಾಗ ಅರಿಷಿಣದ ಮುಖ ಅರಿಷಿಣವಾಗಿಯೇ ಬರುತ್ತಿತ್ತು.

ರಾತ್ರಿಯ ಮಾತು ಬೇರೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು. ಅಲಾಯಿ ದೇವರ ಮೆರವಣಿಗೆಗೆ ಫ್ಲಾಶ್ ಹೊಡೆದರೆ ಮುಂದಿನ ನಾಲ್ಕು ಮುಖ ಬೆಳ್ಳಗೆ, ಹಿಂದಿನ ಜನವೆಲ್ಲ ಕಪ್ಪು. ಫ್ಲಾಶ್ ಬಿಟ್ಟು ಬೆಳಕಿನ ಸೂಕ್ಷ್ಮತೆ ಹೇಳುವ ಐಎಸ್‌ಒ 1600ಕ್ಕೆ ಏರಿಸಿದರೆ ಡಿ40ರಲ್ಲಿ ಬರೀ ಗ್ರೇನ್ಸ್. 2012ರ ನಿಕಾನ್ ಡಿ3200 ಬಂದಾಗ ಅದೇ ದರ್ಜೆಯ ಬಾಡಿಯಲ್ಲಿ 24.2 ಮೆಗಾಪಿಕ್ಸೆಲ್‌ನ ಸಿಮಾಸ್, ಐಎಸ್‌ಒ 6400. ಹಿಂದೆ ನಿಂತವರ ಮುಖಗಳೂ ಕಾಣಿಸತೊಡಗಿದವು!

ಕ್ಯಾನನ್, ನಿಕಾನ್ ವಾದ ಸ್ಟುಡಿಯೋ ಸ್ಟುಡಿಯೋಗಳ ನಡುವೆ ಜೋರಾಗಿತ್ತು. 2014ರ ಕ್ಯಾನನ್ 1200ಡಿ 18 ಮೆಗಾಪಿಕ್ಸೆಲ್‌ನದು. ಬಣ್ಣ ಹಿತ, ಲ್ಯಾಬಿನವರಿಗೂ ಸುಲಭ. ಆದರೆ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನದ ಬಂಡೆ ಇದೆಯಲ್ಲ, ಅಂಥ ಕಡೆ ಅಕ್ಷರ ನೆರಳಲ್ಲಿ, ಆಕಾಶ ಬಿಸಿಲಲ್ಲಿ. ರಾ ಫೈಲಿನ ನೆರಳನ್ನು ಎತ್ತಿದರೆ 1200ಡಿಯಲ್ಲಿ ಗೆರೆಗೆರೆ. ಅದೇ ವರ್ಷದ ನಿಕಾನ್ ಡಿ3300ರಲ್ಲಿ ಅಕ್ಷರದ ಅಂಚು ಉಳಿಯುತ್ತಿತ್ತು. ಇಲ್ಲಿ ನಾನು ನಿಕಾನ್ ಪರ.

ಮೆಗಾಪಿಕ್ಸೆಲ್‌ಗೆ ಬೆಲೆ ಬಂದದ್ದು ಅಗಲ ಹಾಳೆಯ ಕರಿಜ್ಮಾ ಆಲ್ಬಮ್‌ನಿಂದ. 36 ಇಂಚಿನ ಹಾಳೆಗೆ ಡಿ40ರ 3008 ಪಿಕ್ಸೆಲ್ ಹರಡಿದರೆ ಇಂಚಿಗೆ 84 ಅಷ್ಟೇ. ಡಿ3200ರ 6016ಕ್ಕೆ 167.

ಹಳೆಯ ಬಾಡಿ ಕೊಳ್ಳಲು ಹೊರಟ ಹುಡುಗರಿಗೆ ಹೇಳುತ್ತೇನೆ: "ಬಿಸಿಲಾಗ ನೋಡಬ್ಯಾಡ, ತಮ್ಮಾ. ಒಳಗ ಲೈಟ್ ಆರಿಸಿ, ಐಎಸ್‌ಒ 3200ಕ್ಕ ಇಟ್ಟು ಕರಿ ಬಟ್ಟಿ ಫೋಟೋ ಹೊಡಿ. ಕಂಪ್ಯೂಟರಿನಾಗ ಹಾಕಿ ನೋಡು, ಆಮ್ಯಾಲ ರೊಕ್ಕ ಕೊಡು."