ವಕೀಲರ ಸನದು ಮತ್ತು ಸ್ವಂತ ನಡತೆ

ಲಕ್ಕವಳ್ಳಿಯ ಗೃಹಸ್ಥನೊಬ್ಬನು ಜಮೀನಿನ ವ್ಯಾಜ್ಯಕ್ಕಾಗಿ ತರೀಕೆರೆಯ ನ್ಯಾಯಾಲಯಕ್ಕೆ ಹೋಗಿ ವಕಾಲತ್ತಿಗೆ ಸಹಿ ಹಾಕಿದನೆಂದರೆ, ವಕೀಲರ ಕೈ ಸೇರುವುದು ಕಾಗದಪತ್ರಗಳು ಮಾತ್ರವಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳ, ಸಾಲದ ಲೆಕ್ಕ, ಮಗಳ ಸಂಸಾರದ ಸಂಕಟ, ಬಸದಿಯ ಆಸ್ತಿಯ ದಾಖಲೆ, ಹೀಗೆ ನೆರೆಯವರೆದುರು ಆಡಲಾರದ ಸಂಗತಿಗಳೆಲ್ಲ ಅವರೆದುರು ಬಿಚ್ಚಿಕೊಳ್ಳುತ್ತವೆ. ಇಂತಹ ನಂಬಿಕೆಯ ಸ್ಥಾನದಲ್ಲಿರುವವರ ಖಾಸಗಿ ನಡತೆಯೇ ಕೆಟ್ಟದ್ದೆಂದು ದೂರು ಬಂದರೆ ಅವರ ಸನದಿಗೆ ಕುತ್ತು ಬರಬೇಕೆ? ಈ ಪ್ರಶ್ನೆಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ.

ಲಕ್ಕವಳ್ಳಿಯು ಹಿಂದೆ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿತ್ತು. ಸಂಸ್ಥಾನದಲ್ಲಿ 1884ರಲ್ಲಿ ಚೀಫ್ ಕೋರ್ಟು ಸ್ಥಾಪನೆಯಾಗಿ, 1930ರಲ್ಲಿ ಅದು ಹೈಕೋರ್ಟೆಂಬ ಹೆಸರು ಪಡೆಯಿತು. ಸಂಸ್ಥಾನದ ಗಡಿಯಾಚೆ, ಬ್ರಿಟಿಷ್ ಇಂಡಿಯಾದಲ್ಲಿ, 1879ರ ಕಾನೂನು ವೃತ್ತಿಗಾರರ ಅಧಿನಿಯಮವು ಪ್ಲೀಡರುಗಳನ್ನು ಹೈಕೋರ್ಟಿನ ಅಂಕೆಯಲ್ಲಿಟ್ಟಿತ್ತು. ವೃತ್ತಿಗೆ ಅನರ್ಹಗೊಳಿಸುವಂತಹ ಚಾರಿತ್ರ್ಯದೋಷವನ್ನು ತೋರುವ ಅಪರಾಧ ರುಜುವಾತಾದರೆ ಪ್ಲೀಡರನನ್ನು ಅಮಾನತು ಮಾಡುವ ಅಥವಾ ತೆಗೆದುಹಾಕುವ ಅಧಿಕಾರ ಹೈಕೋರ್ಟಿಗಿತ್ತು. 1926ರ ಬಾರ್ ಕೌನ್ಸಿಲುಗಳ ಅಧಿನಿಯಮವು ಇನ್ನೂ ವಿಶಾಲವಾದ ಮಾತನ್ನು ಬಳಸಿತು: ವೃತ್ತಿಸಂಬಂಧವಾದ ಅಥವಾ ಇತರ ದುರ್ನಡತೆ. ಆ 'ಇತರ' ಎಂಬ ಒಂದು ಪದದಲ್ಲೇ ಮುಂದಿನ ವಾದಗಳೆಲ್ಲ ಅಡಗಿವೆ.

ಈ ವಿಚಾರದಲ್ಲಿ ಇಂದಿಗೂ ನೆನೆಯಲಾಗುವ ತೀರ್ಪು 1893ರದು, ಇಂಗ್ಲೆಂಡಿನ ವೇರ್ ಎಂಬ ಸಾಲಿಸಿಟರನ ಪ್ರಕರಣದ್ದು. ಆತನ ಮನೆಗಳು ವೇಶ್ಯಾಗೃಹಗಳಾಗಿ ನಡೆಯುತ್ತಿದ್ದವು; ಅದು ಆತನಿಗೆ ತಿಳಿದೂ ಇತ್ತು. ಯಾವ ಕಕ್ಷಿಗಾರನಿಗೂ ಆತ ಮೋಸ ಮಾಡಿರಲಿಲ್ಲ, ಯಾವ ನ್ಯಾಯಾಲಯದಲ್ಲೂ ಸುಳ್ಳು ಹೇಳಿರಲಿಲ್ಲ. ಆದರೂ ಮೇಲ್ಮನವಿ ನ್ಯಾಯಾಲಯವು ಆತನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದೇ ಸರಿಯೆಂದಿತು. ಆತ ತಪ್ಪು ಮಾಡಿದನೆ ಎಂಬುದಷ್ಟೇ ಅಲ್ಲಿ ಪ್ರಶ್ನೆಯಾಗಿರಲಿಲ್ಲ. ಗೌರವಸ್ಥ ವೃತ್ತಿಯೊಂದರಲ್ಲಿ ಉಳಿಯಲು ಆತ ಯೋಗ್ಯನೆ ಎಂಬುದು ಪ್ರಶ್ನೆಯಾಗಿತ್ತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಮರೆಯುವವರೇ ಹೆಚ್ಚು: ಶಿಕ್ಷೆಯಾದ ಮಾತ್ರಕ್ಕೆ ಹೆಸರು ತೆಗೆಯಬೇಕೆಂದಿಲ್ಲ, ಅಪರಾಧದ ಸ್ವರೂಪವನ್ನು ನೋಡಬೇಕು.

ಆ ಎಚ್ಚರಿಕೆ ಅಗತ್ಯವೆಂಬುದಕ್ಕೆ ನಮ್ಮ ದೇಶದ ಉದಾಹರಣೆಯೇ ಸಾಕು. 1922ರ ಮಾರ್ಚಿನಲ್ಲಿ ಗಾಂಧೀಜಿಯವರಿಗೆ ರಾಜದ್ರೋಹದ ಆಪಾದನೆಯಲ್ಲಿ ಆರು ವರ್ಷಗಳ ಶಿಕ್ಷೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಅವರ ಹೆಸರನ್ನು ಬ್ಯಾರಿಸ್ಟರರ ಪಟ್ಟಿಯಿಂದ ತೆಗೆಯಿತು. ಅದನ್ನು ಮತ್ತೆ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡ ನಲವತ್ತು ವರ್ಷಗಳ ಮೇಲೆ.

ಸ್ವಾತಂತ್ರ್ಯಾನಂತರ ಬಂದ 1961ರ ವಕೀಲರ ಅಧಿನಿಯಮವು ಶಿಸ್ತಿನ ಅಧಿಕಾರವನ್ನು ನ್ಯಾಯಾಧೀಶರಿಂದ ವಕೀಲರ ಪರಿಷತ್ತುಗಳಿಗೆ ವರ್ಗಾಯಿಸಿತು. ಆದರೆ 35ನೆಯ ಕಲಮಿನಲ್ಲಿ 'ಇತರ ದುರ್ನಡತೆ' ಎಂಬ ಹಳೆಯ ಮಾತು ಉಳಿಯಿತು. ಅದರ ಅರ್ಥವನ್ನು ಕಾಯಿದೆ ಎಲ್ಲಿಯೂ ಬಿಡಿಸಿ ಹೇಳಿಲ್ಲ. ಉತ್ತರ ಪ್ರದೇಶದ ವಕೀಲನೊಬ್ಬನು 1971ರಲ್ಲಿ ನ್ಯಾಯಾಲಯದ ಕೋಣೆಯಲ್ಲೇ ಎದುರಾಳಿಗೆ ಚೂರಿಯಿಂದ ಇರಿದು ಶಿಕ್ಷೆಗೊಳಗಾದನು. ಅವನ ಹೆಸರನ್ನು ಪಟ್ಟಿಯಿಂದ ತೆಗೆಯುವಂತೆ ಸುಪ್ರೀಂ ಕೋರ್ಟು 1997ರಲ್ಲಿ ಆದೇಶಿಸಿತು. ನಡುವೆ ಕಳೆದ ಕಾಲವನ್ನು ಓದುಗರೇ ಎಣಿಸಬಹುದು. ಇದಕ್ಕೆ ಪ್ರತಿಯಾಗಿ, ತಾನೇ ಕಕ್ಷಿಯಾಗಿದ್ದ ಬಾಡಿಗೆ ವ್ಯಾಜ್ಯದಲ್ಲಿ ಎದುರು ಪಕ್ಷದವರ ಮೇಲೆ ಕೈಮಾಡಿದನೆಂಬ ದೂರು ಹೊತ್ತ ಇನ್ನೊಬ್ಬ ವಕೀಲನ ಪ್ರಕರಣದಲ್ಲಿ, ದೂರನ್ನು ತಳ್ಳಿಹಾಕಿದ್ದ ಭಾರತೀಯ ವಕೀಲರ ಪರಿಷತ್ತಿನ ನಿರ್ಣಯವನ್ನು ಅದೇ ನ್ಯಾಯಾಲಯವು 2004ರಲ್ಲಿ ಎತ್ತಿಹಿಡಿಯಿತು. ಆತ ಅಲ್ಲಿ ವಕೀಲನಾಗಿ ನಿಂತಿರಲಿಲ್ಲ ಎಂಬುದಕ್ಕೆ ತೂಕ ಬಂದಿತು.

'ಅನೈತಿಕ' ಎಂಬುದರ ಎಲ್ಲೆಯೂ ಸರಿದಿದೆ. ಪರಸ್ತ್ರೀಗಮನವನ್ನು ಅಪರಾಧವೆಂದಿದ್ದ ದಂಡಸಂಹಿತೆಯ 497ನೆಯ ಕಲಮನ್ನು ಸುಪ್ರೀಂ ಕೋರ್ಟು 2018ರಲ್ಲಿ ರದ್ದುಪಡಿಸಿತು. ಅದು ದಾಂಪತ್ಯದ ದೋಷವಾಗಿ, ವಿಚ್ಛೇದನಕ್ಕೆ ಕಾರಣವಾಗಿ ಉಳಿದಿದೆ. ಜೈಲಿಗೆ ಕಳುಹಿಸುವ ಅಪರಾಧವಾಗಿ ಉಳಿದಿಲ್ಲ. ಶ್ರಾವಕನಿಗೆ ಸ್ವದಾರಸಂತೋಷವು ವ್ರತವೇ ಸರಿ. ಆದರೆ ವ್ರತಭಂಗವೆಲ್ಲ ಸನದುಭಂಗವಲ್ಲ.

ಇಲ್ಲಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಎಣಿಸಿರುವ ಸತ್ಯಾಣುವ್ರತದ ಐದು ಅತಿಚಾರಗಳು ನೆನಪಿಗೆ ಬರುತ್ತವೆ. ಮಿಥ್ಯೋಪದೇಶ, ಕೂಟಲೇಖಕ್ರಿಯೆ, ನ್ಯಾಸಾಪಹಾರ: ತಪ್ಪು ದಾರಿಯ ಉಪದೇಶ, ಸುಳ್ಳು ಪತ್ರದ ಸೃಷ್ಟಿ, ಒಪ್ಪಿಸಿದ ಇಡುಗಂಟಿನ ಅಪಹರಣ. ಇವು ವಕೀಲನ ಮೇಜಿನ ಮೇಲೇ ನಡೆಯಬಹುದಾದ ದೋಷಗಳು, ಸನದಿಗೆ ನೇರವಾಗಿ ತಟ್ಟುವಂತಹವು. ಉಳಿದವು ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದ. ಸ್ತ್ರೀಪುರುಷರ ಏಕಾಂತದ ನಡೆಯನ್ನು ಬಯಲಿಗೆಳೆಯುವುದು ಮೊದಲನೆಯದು. ಹಾವಭಾವದಿಂದ ಇನ್ನೊಬ್ಬರ ಮನದ ಗುಟ್ಟನ್ನು ಊಹಿಸಿ ಹೊರಗೆಡಹುವುದು ಎರಡನೆಯದು. ಇವೆರಡು ದೂರುಗಾರನಿಗೂ ಅನ್ವಯಿಸುತ್ತವೆ. ವ್ಯಾಜ್ಯ ಸೋತ ಸಿಟ್ಟಿನಲ್ಲಿ ಎದುರು ವಕೀಲರ ಮನೆಯ ಮಾತನ್ನು ಬೀದಿಗೆ ತರುವವನು ತನ್ನ ವ್ರತವನ್ನೂ ನೋಡಿಕೊಳ್ಳಬೇಕಾಗುತ್ತದೆ. ಹಾಗೆಂದು, ನೆರವು ಬೇಡಿ ಬಂದ ಹೆಣ್ಣುಮಗಳ ಅಸಹಾಯಕತೆಯನ್ನು ವಕೀಲನು ದುರುಪಯೋಗಪಡಿಸಿಕೊಂಡರೆ ಅದು ಖಾಸಗಿ ನಡತೆಯೆಂಬ ಮರೆ ಸಲ್ಲದು. ಅಲ್ಲಿ ಮುರಿದದ್ದು ವಕಾಲತ್ತಿನ ನಂಬಿಕೆಯೇ. ಆಕೆಯ ದೂರನ್ನು ಅತಿಚಾರವೆನ್ನುವುದು ಶಾಸ್ತ್ರವನ್ನು ತಿರುಚಿದಂತೆ.

ಕರ್ನಾಟಕದಲ್ಲಿ ಇಂತಹ ದೂರು ಹೋಗಬೇಕಾದುದು ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ. ದುರ್ನಡತೆ ನಡೆದಿದೆಯೆಂದು ನಂಬಲು ಕಾರಣವಿದೆಯೆಂದು ಪರಿಷತ್ತಿಗೆ ತೋರಿದರೆ ಮಾತ್ರ ಅದು ಮೂವರು ಸದಸ್ಯರ ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿಯು ಸಾಕ್ಷಿಗಳನ್ನು ಕರೆಸಿ ಪ್ರಮಾಣ ಮಾಡಿಸಬಹುದು. ದೂರನ್ನು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಕೆಲಕಾಲ ಅಮಾನತಿನಲ್ಲಿಡಬಹುದು, ಹೆಸರನ್ನೇ ತೆಗೆಯಬಹುದು. ಒಂದು ವರ್ಷದೊಳಗೆ ಮುಗಿಯದಿದ್ದರೆ ಪ್ರಕರಣವು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಸಮಿತಿಯ ಆದೇಶ ಒಪ್ಪಿಗೆಯಾಗದವರು ಅರವತ್ತು ದಿನಗಳೊಳಗೆ ಅಲ್ಲಿಗೆ, ಅನಂತರ ಮತ್ತೆ ಅರವತ್ತು ದಿನಗಳೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಬಹುದು.