ಪಂಪ್‌ಸೆಟ್‌ನ ವೋಲ್ಟೇಜ್ ಮತ್ತು ಆಂಪಿಯರ್‌ನಿಂದ ವಿದ್ಯುತ್ ರೋಧ ಹಾಗೂ ಶಕ್ತಿಯನ್ನು ಲೆಕ್ಕ ಹಾಕುವ ವಿಧಾನ

ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳಲ್ಲಿ, ವಿಶೇಷವಾಗಿ ಕೊಹಿನೂರ ಭಾಗದಲ್ಲಿ, ಕೊಳವೆಬಾವಿಯಿಂದ ಕಬ್ಬು, ಕಡಲೆ ಹಾಗೂ ತರಕಾರಿಗೆ ನೀರು ಹಾಯಿಸುವ ರೈತರು ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಎರಡು ಮುಳ್ಳುಗಳನ್ನು ನಿತ್ಯ ನೋಡುತ್ತಾರೆ. ಒಂದು ವೋಲ್ಟ್‌ಮೀಟರ್, ಇನ್ನೊಂದು ಆಮ್‌ಮೀಟರ್. ಈ ಎರಡು ಅಂಕಿಗಳಿಂದ ಮೋಟಾರು ಎಳೆಯುತ್ತಿರುವ ಶಕ್ತಿಯನ್ನೂ ಕೇಬಲ್ ನುಂಗುತ್ತಿರುವ ಶಕ್ತಿಯನ್ನೂ ಕಂಡುಕೊಳ್ಳಬಹುದು. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇರುವುದರಿಂದ ಈ ನಷ್ಟ ಬಿಲ್ಲಿನಲ್ಲಿ ಕಾಣುವುದಿಲ್ಲ. ಮೋಟಾರು ಸುಟ್ಟು ರಿವೈಂಡಿಂಗ್‌ಗೆ ಹೋದಾಗ ಮಾತ್ರ ತಿಳಿಯುತ್ತದೆ.

ಮೂಲ ಸೂತ್ರಗಳು

ವೋಲ್ಟೇಜನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ (ಓಮ್) ದೊರೆಯುತ್ತದೆ. ಗುಣಿಸಿದರೆ ಶಕ್ತಿ (ವ್ಯಾಟ್) ದೊರೆಯುತ್ತದೆ. ಉದಾಹರಣೆಗೆ, 230 ವೋಲ್ಟ್‌ಗೆ ತಯಾರಾದ 1000 ವ್ಯಾಟ್‌ನ ನೀರು ಕಾಯಿಸುವ ಕಾಯಿಲ್ 4.35 ಆಂಪಿಯರ್ ಎಳೆಯುತ್ತದೆ. ಅದರ ರೋಧ ಸುಮಾರು 53 ಓಮ್. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಕಾಯಿಲ್ ಸುಮಾರು 610 ವ್ಯಾಟ್ ಮಾತ್ರ ಕೊಡುತ್ತದೆ. ನೀರು ತಡವಾಗಿ ಕಾಯುತ್ತದೆ, ಬೇರೆ ಹಾನಿಯಿಲ್ಲ.

ಮೋಟಾರಿನ ನಡವಳಿಕೆ ಇದಕ್ಕೆ ವಿರುದ್ಧ. ನೀರನ್ನು ಅಷ್ಟೇ ಎತ್ತರಕ್ಕೆ ಎತ್ತಬೇಕಾದುದರಿಂದ, ವೋಲ್ಟೇಜ್ ಇಳಿದಾಗ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಓಡುತ್ತಿರುವ ಮೋಟಾರಿನ 400 ವೋಲ್ಟನ್ನು 9 ಆಂಪಿಯರ್‌ನಿಂದ ಭಾಗಿಸಿ ಬರುವ 44 ಓಮ್ ವೈಂಡಿಂಗ್‌ನ ರೋಧವಲ್ಲ. ವೈಂಡಿಂಗ್‌ನ ನಿಜವಾದ ರೋಧ ಕೆಲವೇ ಓಮ್ ಇರುತ್ತದೆ. ಅದನ್ನು ಮೇನ್ ಸ್ವಿಚ್ ತೆಗೆದು, ಕೇಬಲನ್ನು ಸ್ಟಾರ್ಟರ್‌ನಿಂದ ಬಿಚ್ಚಿ, ಮಲ್ಟಿಮೀಟರ್‌ನಿಂದ ಅಳೆಯಬೇಕು. ಮೂರು ತಂತಿಯ ಮೋಟಾರಿನಲ್ಲಿ ಎರಡೆರಡು ತಂತಿಗಳ ನಡುವೆ ಪಡೆದ ಮೂರೂ ಅಳತೆಗಳು ಹೆಚ್ಚುಕಡಿಮೆ ಒಂದೇ ಇರಬೇಕು.

ಮೂರು ಫೇಸ್ ಮೋಟಾರಿನ ಶಕ್ತಿ

ಇಲ್ಲಿ ವೋಲ್ಟ್ ಮತ್ತು ಆಂಪಿಯರ್‌ಗಳ ಗುಣಲಬ್ಧವನ್ನು 1.732ರಿಂದಲೂ ಪವರ್ ಫ್ಯಾಕ್ಟರ್‌ನಿಂದಲೂ ಗುಣಿಸಬೇಕು. ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡರೆ:

1.732 × 400 × 9 × 0.8 = 4988 ವ್ಯಾಟ್

ಅಂದರೆ ಸುಮಾರು 5 ಕಿಲೋವ್ಯಾಟ್. ಏಳು ಗಂಟೆ ಓಡಿದರೆ 35 ಯೂನಿಟ್. 5 ಅಶ್ವಶಕ್ತಿ ಎಂದರೆ 3730 ವ್ಯಾಟ್ ಮಾತ್ರವಲ್ಲವೇ ಎಂದು ಕೆಲವರು ಕೇಳುವುದುಂಟು. ನಾಮಫಲಕದ ಅಶ್ವಶಕ್ತಿ ಮೋಟಾರು ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಅದಕ್ಕಿಂತ ಹೆಚ್ಚೇ.

ಕ್ಲ್ಯಾಂಪ್ ಮೀಟರ್ ಬಳಸುವಾಗ ಒಂದೇ ತಂತಿಯನ್ನು ಸುತ್ತುವರಿಯಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ನಿಂದ ಬಾವಿಗೆ ಆರು ತಂತಿ ಇಳಿದಿದ್ದರೆ ಸ್ಟಾರ್ಟರ್‌ಗೆ ಬರುವ ಬದಿಯಲ್ಲಿ ಅಳೆಯಿರಿ. ಬಾವಿಯ ಬದಿಯ ತಂತಿಯಲ್ಲಿ ಕಡಿಮೆ ಅಂಕಿ ತೋರಿ ಮೋಸವಾಗುತ್ತದೆ.

ಕೇಬಲ್‌ನ ರೋಧ

ಹೆಚ್ಚಿನ ಮೋಟಾರುಗಳಿಗೆ ತೊಂದರೆ ಇಲ್ಲಿಂದಲೇ. ತಾಮ್ರದ 2.5 ಚದರ ಮಿ.ಮೀ. ಕೇಬಲ್‌ನ ಒಂದು ತಂತಿಗೆ ಕಿಲೋಮೀಟರಿಗೆ ಸುಮಾರು 8 ಓಮ್ ರೋಧವಿದೆ. 4 ಚದರ ಮಿ.ಮೀ.ಗೆ ಸುಮಾರು 5. 6 ಚದರ ಮಿ.ಮೀ.ಗೆ 3.3. ಮೂರು ತಂತಿಯ ಸಂಪರ್ಕದಲ್ಲಿ ಸ್ಟಾರ್ಟರ್‌ನಿಂದ ಬಾವಿಗೆ 150 ಮೀಟರ್, ಬಾವಿಯಲ್ಲಿ 150 ಮೀಟರ್, ಒಟ್ಟು 300 ಮೀಟರ್ 2.5ರ ಕೇಬಲ್ ಇದ್ದರೆ ಪ್ರತಿ ತಂತಿಗೆ 2.4 ಓಮ್. ಆಗ ವೋಲ್ಟೇಜ್ ಕುಸಿತ 1.732 × 9 × 2.4, ಅಂದರೆ ಸುಮಾರು 37 ವೋಲ್ಟ್. ಸ್ಟಾರ್ಟರ್‌ನಲ್ಲಿ 400 ತೋರಿದರೂ ಮೋಟಾರಿಗೆ ತಲುಪುವುದು 363.

ಕೇಬಲ್ ಬಿಸಿಯಾಗಿ ಕಳೆಯುವ ಶಕ್ತಿ 3 × 9 × 9 × 2.4 = 583 ವ್ಯಾಟ್. ಅದೇ ಉದ್ದಕ್ಕೆ 6 ಚದರ ಮಿ.ಮೀ. ಕೇಬಲ್ ಹಾಕಿದರೆ ಕುಸಿತ 15 ವೋಲ್ಟ್, ನಷ್ಟ 240 ವ್ಯಾಟ್.

ಸುತ್ತಲಿನ ಎಲ್ಲ ಪಂಪ್‌ಗಳೂ ಒಟ್ಟಿಗೆ ಶುರುವಾಗಿ ಸ್ಟಾರ್ಟರ್‌ನಲ್ಲೇ ವೋಲ್ಟೇಜ್ 350ಕ್ಕೆ ಇಳಿಯಿತು ಎನ್ನಿ. ಅಷ್ಟೇ ಕೆಲಸಕ್ಕೆ ಮೋಟಾರು ಸುಮಾರು 10.7 ಆಂಪಿಯರ್ ಎಳೆಯಬೇಕಾಗುತ್ತದೆ. ಕೇಬಲ್‌ನ ಕುಸಿತವೂ 44 ವೋಲ್ಟ್‌ಗೆ ಏರಿ, 415 ವೋಲ್ಟಿನ ಮೋಟಾರಿಗೆ ಉಳಿಯುವುದು ಸುಮಾರು 305. ವೈಂಡಿಂಗ್‌ನ ಬಿಸಿ ಆಂಪಿಯರ್‌ನ ವರ್ಗದಂತೆ ಏರುವುದರಿಂದ ಅದು ಶೇ 40ರಷ್ಟು ಹೆಚ್ಚುತ್ತದೆ. ಇಂತಹ ವೇಳೆ ಮೋಟಾರನ್ನು ನಿಲ್ಲಿಸುವುದೇ ಸರಿ. ಓವರ್‌ಲೋಡ್ ರಿಲೇ ಪದೇಪದೇ ಬೀಳುತ್ತದೆಂದು ಅದನ್ನು ಮೇಲಿನ ಆಂಪಿಯರ್‌ಗೆ ತಿರುಗಿಸಿಡುವ ರೂಢಿಯನ್ನು ಬಿಡಬೇಕು. ರಿಲೇಯನ್ನು ನಾಮಫಲಕದ ಆಂಪಿಯರ್‌ಗೆ ಅನುಗುಣವಾಗಿಯೇ ಹೊಂದಿಸಬೇಕು.

ನಿರೋಧನ ಪರೀಕ್ಷೆ

ಹೊಸ ಅಥವಾ ರಿವೈಂಡಿಂಗ್ ಆದ ಮೋಟಾರನ್ನು ಬಾವಿಗೆ ಇಳಿಸುವ ಮೊದಲು 500 ವೋಲ್ಟಿನ ಮೆಗ್ಗರ್‌ನಿಂದ ವೈಂಡಿಂಗ್ ಮತ್ತು ಮೋಟಾರಿನ ಮೈ ನಡುವಿನ ರೋಧವನ್ನು ಮೆಕ್ಯಾನಿಕ್‌ರಿಂದ ಅಳೆಯಿಸಿ. ಅದು 1 ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಇಳಿಸಬಾರದು. ಬಾವಿಯಲ್ಲಿರುವ ಮೋಟಾರಿಗೆ ಇದೇ ಪರೀಕ್ಷೆಯನ್ನು ಕೇಬಲ್ ತುದಿ ಹಾಗೂ ಅರ್ಥ್ ತಂತಿಯ ನಡುವೆ ಮಾಡಬಹುದು. ಹಳೆಯ ಅಂಕಿಗಿಂತ ರೋಧ ತೀರಾ ಇಳಿದಿದ್ದರೆ ಕೇಬಲ್ ಜಾಯಿಂಟ್‌ಗೆ ನೀರು ಹೊಕ್ಕಿರುವ ಸಂಭವ ಹೆಚ್ಚು. ಮೋಟಾರನ್ನು ದೂರುವ ಮುನ್ನ ಜಾಯಿಂಟ್ ಪರೀಕ್ಷಿಸಿ.