ಬರ್ಸರ್ಕ್‌ನಿಂದ ಡಾರ್ಕ್ ಸೋಲ್ಸ್‌ವರೆಗೆ: ಒಂದು ಕತ್ತಿ ಕೈ ಬದಲಾಯಿಸಿದ ಕಥೆ

2021ರ ಮೇ ತಿಂಗಳು. ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಗೇಮ್‌ನ ಊರುಗಳಲ್ಲಿ ಒಂದು ವಿಚಿತ್ರ ದೃಶ್ಯ. ಕಪ್ಪು ಕವಚ ತೊಟ್ಟು, ಬೆನ್ನಿಗೆ ಭಾರೀ ಕತ್ತಿ ಕಟ್ಟಿಕೊಂಡ ಯೋಧರು ಬೀದಿಯ ಎರಡೂ ಬದಿಗೆ ಸಾಲಾಗಿ ನಿಂತಿದ್ದಾರೆ. ಯಾರೂ ಹೊಡೆದಾಡ್ತಿಲ್ಲ. ಸುಮ್ಮನೆ ನಿಂತಿದ್ದಾರೆ, ಅಷ್ಟೇ. ಆ ಯೋಧರ ಹಿಂದೆ ಇದ್ದಿದ್ದು ತಮ್ಮ ತಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಆಟಗಾರರು. ಅವರು ನಮನ ಸಲ್ಲಿಸ್ತಾ ಇದ್ದಿದ್ದು ಜಪಾನ್‌ನ ಮಂಗಾ ಕಲಾವಿದ ಕೆಂಟಾರೊ ಮಿಯುರಾ ಅವರಿಗೆ. ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ ಸೀಳಿ ಅವರು ಮೇ 6ರಂದು ತೀರಿಕೊಂಡಿದ್ದರು. ವಯಸ್ಸು ಬರೀ 54. ಸುದ್ದಿ ಹೊರಗೆ ಬಂದಿದ್ದು ಎರಡು ವಾರದ ನಂತರ, ಮೇ 20ಕ್ಕೆ.

ಗೇಮ್ ಆಡೋರು ಕಾಮಿಕ್ಸ್ ಬರೆಯೋ ಒಬ್ಬರಿಗೋಸ್ಕರ ಯಾಕೆ ಹೀಗೆ ಸಾಲು ನಿಂತರು? ಇವತ್ತು ಅದರ ಹಿಂದಿನ ಇತಿಹಾಸ ನೋಡೋಣ. ಜೊತೆಗೆ ಒಂದು ಪ್ರಶ್ನೆನೂ ಇದೆ. ಇನ್ನೊಬ್ಬರ ಕಲ್ಪನೆಯಿಂದ ತೆಗೆದುಕೊಂಡಿದ್ದು ಯಾವಾಗ ಕದ್ದಿದ್ದಾಗುತ್ತೆ, ಯಾವಾಗ ಗೌರವ ಆಗುತ್ತೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಜಪಾನ್‌ನಲ್ಲಿ ಮಂಗಾ ಮತ್ತು ವಿಡಿಯೊ ಗೇಮ್ ಮೊದಲಿಂದಲೂ ಅಕ್ಕಪಕ್ಕದ ಮನೆಯವರ ಥರ. 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಬಂದಾಗ ಅದರ ಪಾತ್ರಗಳನ್ನೂ ರಾಕ್ಷಸರನ್ನೂ ಬರೆದಿದ್ದು ಡ್ರ್ಯಾಗನ್ ಬಾಲ್ ಖ್ಯಾತಿಯ ಅಕಿರಾ ತೊರಿಯಾಮಾ. ಅಲ್ಲಿ ರಾಜ, ಕೋಟೆ, ರಾಜಕುಮಾರಿ, ವೀರ ಎಲ್ಲರೂ ಇದ್ದರು. ಶತ್ರುವಾಗಿ ಬರುವ ಪುಟ್ಟ ಸ್ಲೈಮ್ ಕೂಡ ನಗುಮುಖದ್ದೇ. ಒಂದಿಡೀ ಪೀಳಿಗೆಗೆ ಫ್ಯಾಂಟಸಿ ಅಂದ್ರೆ ಆ ಬಣ್ಣದ, ಬೆಳಕಿನ ಲೋಕವಾಗಿತ್ತು.

1989ರಲ್ಲಿ ಮಿಯುರಾ ಅವರ ಬರ್ಸರ್ಕ್ ಧಾರಾವಾಹಿಯಾಗಿ ಶುರುವಾಯಿತು. ಕೋಟೆ, ಕತ್ತಿ, ರಾಕ್ಷಸ ಎಲ್ಲ ಇಲ್ಲೂ ಇದೆ, ಆದರೆ ಬೆಳಕಿಲ್ಲ. ನೇಣಿಗೆ ಹಾಕಿದ ಹೆಂಗಸಿನ ಶವದಿಂದ ಹುಟ್ಟಿದ ಮಗು ಗಟ್ಸ್. ಬೆಳೆದಿದ್ದು ಕೂಲಿ ಸೈನಿಕರ ನಡುವೆ. ಪ್ರಾಣಸ್ನೇಹಿತನಂತಿದ್ದ ಗ್ರಿಫಿತ್ ತನ್ನ ಕನಸಿಗಾಗಿ ಇಡೀ ಪಡೆಯನ್ನೇ ರಾಕ್ಷಸರಿಗೆ ಬಲಿ ಕೊಡುತ್ತಾನೆ. ಗಟ್ಸ್ ಒಂದು ಕೈ, ಒಂದು ಕಣ್ಣು ಕಳಕೊಂಡು ಬದುಕುಳಿಯುತ್ತಾನೆ. ಅವನ ಕತ್ತಿನ ಮೇಲೆ ಬಲಿಯ ಗುರುತು ಉಳಿಯುತ್ತೆ. ಆ ಗುರುತು ಪ್ರತಿ ರಾತ್ರಿ ದುಷ್ಟಶಕ್ತಿಗಳನ್ನು ಕರೆಯುತ್ತೆ. ಅಂದ್ರೆ ಅವನಿಗೆ ನೆಮ್ಮದಿಯಾಗಿ ಕಣ್ಣು ಮುಚ್ಚೋ ಭಾಗ್ಯವೇ ಇಲ್ಲ. ಕೈಯಲ್ಲಿರೋದು ಡ್ರ್ಯಾಗನ್ ಸ್ಲೇಯರ್, ಆಳೆತ್ತರದ ಕಬ್ಬಿಣದ ಹಲಗೆಯಂಥ ಕತ್ತಿ. ಕಥೆಯಲ್ಲಿ ಬರುವ ತಲೆಬುರುಡೆಯ ಸವಾರ ಗಟ್ಸ್‌ನನ್ನು ಕರೆಯೋದು ‘ಹೆಣಗಾಡುವವನು’ ಅಂತ. ಈ ಪದ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. ಅಂದಹಾಗೆ ಇದು ದೊಡ್ಡವರ ಮಂಗಾ. ಹಿಂಸೆ, ಲೈಂಗಿಕ ದೌರ್ಜನ್ಯ ಎರಡೂ ಇದೆ. ಓದೋಕೆ ಕೂರುವ ಮೊದಲು ಗೊತ್ತಿರಲಿ.

ಇಲ್ಲೊಂದು ಮುಖ್ಯ ವಿಷಯ. ಮಿಯುರಾ ಅವರೂ ಎಲ್ಲವನ್ನೂ ಶೂನ್ಯದಿಂದ ತಂದವರಲ್ಲ. ಕಾವೊರು ಕುರಿಮೊಟೊ ಅವರ ಗ್ವಿನ್ ಸಾಗಾ ಕಾದಂಬರಿಗಳು ಅವರ ಮೇಲೆ ಪ್ರಭಾವ ಬೀರಿದ್ದವು. ನರಕದ ದೃಶ್ಯಗಳಲ್ಲಿ ಐನೂರು ವರ್ಷ ಹಿಂದಿನ ಡಚ್ ಚಿತ್ರಕಾರ ಹಿರೋನಿಮಸ್ ಬಾಷ್ ಕಾಣುತ್ತಾರೆ. ಗಾಡ್ ಹ್ಯಾಂಡ್ ಎಂಬ ದುಷ್ಟರ ಕೂಟ ಪ್ರತ್ಯಕ್ಷವಾಗುವ ಜಾಗದಲ್ಲಿ ಮೇಲೆ ಕೆಳಗೆ ಗೊತ್ತಾಗದ ಮೆಟ್ಟಿಲುಗಳಿವೆಯಲ್ಲ, ಅವು 1953ರ ಎಶರ್ ಚಿತ್ರವನ್ನು ನೋಡಿದವರಿಗೆ ತಕ್ಷಣ ಗುರುತು ಸಿಗುತ್ತವೆ. ಅಂದ್ರೆ ಸಾಲ ಕೊಟ್ಟವರ ಸಾಲು ಮಿಯುರಾಗಿಂತ ಮುಂಚೆಯೇ ಶುರುವಾಗಿದೆ.

ಈಗ ಎರಡನೇ ವ್ಯಕ್ತಿಗೆ ಬರೋಣ. ಹಿದೆತಾಕಾ ಮಿಯಾಝಾಕಿ, ಫ್ರಮ್‌ಸಾಫ್ಟ್‌ವೇರ್ ಕಂಪನಿಯವರು. ಚಿಕ್ಕವರಿದ್ದಾಗ ಇವರು ಇಂಗ್ಲಿಷ್ ಫ್ಯಾಂಟಸಿ ಪುಸ್ತಕಗಳನ್ನು ಓದೋಕೆ ಪ್ರಯತ್ನಪಡ್ತಿದ್ದರಂತೆ. ಭಾಷೆ ಪೂರ್ತಿ ಅರ್ಥವಾಗ್ತಿರಲಿಲ್ಲ. ಹಾಗಾಗಿ ಚಿತ್ರಗಳನ್ನು ನೋಡಿ, ಬಿಟ್ಟುಹೋದ ಕಥೆಯನ್ನು ತಾವೇ ತುಂಬಿಕೊಳ್ತಿದ್ದರು. ಇವರ ಗೇಮ್‌ಗಳಲ್ಲಿ ಕಥೆಯನ್ನು ಯಾರೂ ಕೂರಿಸಿಕೊಂಡು ಹೇಳದಿರೋದಕ್ಕೆ ಬೇರು ಇಲ್ಲಿದೆ. 2009ರಲ್ಲಿ ಡೀಮನ್ಸ್ ಸೋಲ್ಸ್, 2011ರಲ್ಲಿ ಡಾರ್ಕ್ ಸೋಲ್ಸ್ ಬಂದವು. ಬರ್ಸರ್ಕ್‌ನ ಪ್ರಭಾವವನ್ನು ಮಿಯಾಝಾಕಿ ಮುಚ್ಚಿಟ್ಟವರಲ್ಲ, ಸಂದರ್ಶನಗಳಲ್ಲಿ ಒಪ್ಪಿಕೊಂಡಿದ್ದಾರೆ.

ಕಣ್ಣಿಗೆ ಕಾಣೋ ಗುರುತುಗಳು ಬೇಕಾದಷ್ಟಿವೆ. ಡಾರ್ಕ್ ಸೋಲ್ಸ್‌ನ ಗ್ರೇಟ್‌ಸ್ವೋರ್ಡ್ ನೋಡಿದರೆ ಡ್ರ್ಯಾಗನ್ ಸ್ಲೇಯರ್‌ನ ತಮ್ಮನ ಹಾಗಿದೆ. ಚಕ್ರಕ್ಕೆ ಸಿಕ್ಕಿಕೊಂಡು ಉರುಳಿಕೊಂಡೇ ಬಂದು ಗುದ್ದೋ ಅಸ್ಥಿಪಂಜರಗಳು ಇವೆಯಲ್ಲ, ಆಡಿದವರು ಈಗ ಹಲ್ಲು ಕಡೀತಿರಬಹುದು, ಅವುಗಳ ಮೂಲವೂ ಬರ್ಸರ್ಕ್. ಅದರಾಚೆಗಿನ ಮೂಲ ಯುರೋಪಿನ ನಿಜವಾದ ಇತಿಹಾಸ. ಅಲ್ಲಿ ಅಪರಾಧಿಗಳ ಮೂಳೆ ಮುರಿದು ಬಂಡಿಚಕ್ರಕ್ಕೆ ಕಟ್ಟಿ ಕೊಲ್ಲುವ ಶಿಕ್ಷೆ ಶತಮಾನಗಳ ಕಾಲ ಇತ್ತು. 2022ರ ಎಲ್ಡನ್ ರಿಂಗ್‌ನಲ್ಲೂ ಅದೇ ಥರದ ಕತ್ತಿ ಇದೆ. ಕೇಲಿಡ್ ಎಂಬ ಕೊಳೆತ ಪ್ರದೇಶದಲ್ಲಿ, ಬಂಡಿಯ ಮೇಲಿನ ಪೆಟ್ಟಿಗೆಯೊಳಗೆ.

ಆದರೆ ಬರೀ ಆಕಾರ ತಂದಿದ್ರೆ ಅದು ಅನುಕರಣೆ ಅಷ್ಟೇ. ಆ ಕತ್ತಿಯನ್ನು ಗೇಮ್‌ನಲ್ಲಿ ಎತ್ತಿ ನೋಡಿ. ಮೊದಲು ಸಾಕಷ್ಟು ಶಕ್ತಿ ಕೂಡಿಸಿಕೊಳ್ಳಬೇಕು. ಬೀಸೋಕೆ ಹೊತ್ತು ಹಿಡಿಯುತ್ತೆ, ಬೀಸಿದ ಮೇಲೆ ದಮ್ಮು ಖಾಲಿ. ಗುರಿ ತಪ್ಪಿದರೆ ಶತ್ರು ಸುಮ್ಮನೆ ಬಿಡಲ್ಲ. ಸತ್ತರೆ ಗಳಿಸಿದ ಸೋಲ್ಸ್ ಎಲ್ಲ ಸತ್ತ ಜಾಗದಲ್ಲೇ ಬೀಳುತ್ತೆ. ನೀವು ಹಿಂದಿನ ಬೆಂಕಿಯ ಹತ್ತಿರ ಏಳ್ತೀರಿ. ಕೊಂದ ಶತ್ರುಗಳೂ ಎದ್ದಿರ್ತಾರೆ. ಮತ್ತೆ ಅಲ್ಲಿವರೆಗೆ ಹೋಗಬೇಕು, ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಬಿದ್ದಿದ್ದೂ ಹೋಯ್ತು. ‘ಹೆಣಗಾಡುವವನು’ ಅಂದೆವಲ್ಲ, ಆ ಪದವನ್ನು ಮಿಯುರಾ ಪುಟದ ಮೇಲೆ ಬರೆದರು, ಮಿಯಾಝಾಕಿ ಅದನ್ನು ನಿಮ್ಮ ಹೆಬ್ಬೆರಳಿಗೆ ದಾಟಿಸಿದರು.

ಇನ್ನೊಂದು ಉದಾಹರಣೆ ಆರ್ಟೋರಿಯಸ್. 2012ರ ಹೆಚ್ಚುವರಿ ಅಧ್ಯಾಯದಲ್ಲಿ ಬರುವ ಯೋಧ. ಎಡಗೈ ಮುರಿದು ನೇತಾಡ್ತಿದೆ, ಒಂದೇ ಕೈಯಲ್ಲಿ ದೊಡ್ಡ ಕತ್ತಿ, ತೋಳದ ಹಾಗೆ ಊಳಿಡುತ್ತಾನೆ. ಬರ್ಸರ್ಕ್ ಓದಿದವರಿಗೆ ಗಟ್ಸ್‌ನ ತೋಳಮುಖದ ಕವಚ ನೆನಪಾಗದೇ ಇರಲ್ಲ. ಆ ಕವಚ ಮೂಳೆ ಮುರಿದರೂ ಹೋರಾಡೋ ಶಕ್ತಿ ಕೊಡುತ್ತೆ, ಬದಲಿಗೆ ಬುದ್ಧಿಯನ್ನೇ ನುಂಗುತ್ತೆ. ಆದರೆ ಗಟ್ಸ್ ಕತ್ತಲಲ್ಲಿ ಮುಳುಗಿದಾಗ ಶಿಯರ್ಕಾ ಎಂಬ ಪುಟ್ಟ ಮಾಟಗಾತಿ ಅವನ ಮನಸ್ಸಿನೊಳಗೇ ಹೋಗಿ ಅವನನ್ನು ಕರೆದು ತರುತ್ತಾಳೆ. ಆರ್ಟೋರಿಯಸ್‌ನ ಜೊತೆಗಿದ್ದಿದ್ದು ಸಿಫ್ ಎಂಬ ತೋಳದ ಮರಿ ಮಾತ್ರ. ಅದನ್ನು ಉಳಿಸೋಕೆ ತನ್ನ ಗುರಾಣಿ ಕೊಟ್ಟು, ಅವನೇ ಕತ್ತಲಿಗೆ ಬಲಿಯಾದ. ಅವನನ್ನು ಕರೆದು ತರೋರು ಯಾರೂ ಇಲ್ಲ. ಕೊನೆಗೆ ಕೊಲ್ಲಬೇಕಾದವರು ನೀವು. ಗಟ್ಸ್‌ಗೆ ಜೊತೆಗಾರರು ಸಿಗದೇ ಹೋಗಿದ್ದರೆ ಏನಾಗ್ತಿತ್ತು ಅನ್ನೋ ಪ್ರಶ್ನೆಯನ್ನು ಗೇಮ್ ತನ್ನದೇ ರೀತಿಯಲ್ಲಿ ಕೇಳಿದಂತಿದೆ. ಕದಿಯೋರು ಪ್ರಶ್ನೆ ಕೇಳಲ್ಲ, ಅಲ್ವಾ?

ತಮಾಷೆ ಅಂದ್ರೆ, ಬರ್ಸರ್ಕ್ ಹೆಸರಿನಲ್ಲೇ ಅಧಿಕೃತ ಗೇಮ್‌ಗಳು ಬಂದಿವೆ. 1999ರಲ್ಲಿ ಡ್ರೀಮ್‌ಕಾಸ್ಟ್‌ಗೆ, 2004ರಲ್ಲಿ ಪ್ಲೇಸ್ಟೇಷನ್ 2ಕ್ಕೆ, 2016ರಲ್ಲಿ ಇನ್ನೊಂದು. ಅವುಗಳಲ್ಲಿ ಗಟ್ಸ್ ಇದ್ದಾನೆ, ಹಕ್ಕುಪತ್ರವೂ ಇದೆ. ಆದರೂ ಎಷ್ಟೋ ಅಭಿಮಾನಿಗಳಿಗೆ ಬರ್ಸರ್ಕ್‌ನ ಅನುಭವ ಕೊಟ್ಟಿದ್ದು ಗಟ್ಸ್‌ನ ಹೆಸರೇ ಇಲ್ಲದ ಡಾರ್ಕ್ ಸೋಲ್ಸ್. 2016ರ ಗೇಮ್‌ನಲ್ಲಿ ಅವನು ಒಂದೇ ಏಟಿಗೆ ಸೈನಿಕರ ಗುಂಪನ್ನೇ ಹಾರಿಸುತ್ತಾನೆ. ನೋಡೋಕೆ ಮಜಾ, ಆದರೆ ಅಲ್ಲಿ ಹೆಣಗಾಟ ಎಲ್ಲಿದೆ?

ಕೊನೆಗೆ ಮೂರನೇ ವ್ಯಕ್ತಿ. ಮಿಯುರಾ ತೀರಿಕೊಂಡಾಗ ಬರ್ಸರ್ಕ್ ಮುಗಿದಿರಲಿಲ್ಲ. ಅವರ ಶಾಲಾ ದಿನಗಳ ಗೆಳೆಯ ಕೌಜಿ ಮೋರಿ, ಇವರೂ ಮಂಗಾ ಕಲಾವಿದರೇ. ಸುಮಾರು ಮೂವತ್ತು ವರ್ಷ ಹಿಂದೆಯೇ ಮಿಯುರಾ ಇವರ ಹತ್ತಿರ ಕಥೆಯನ್ನು ಕೊನೆಯವರೆಗೂ ಹೇಳಿದ್ದರು. 2022ರ ಜೂನ್‌ನಲ್ಲಿ ಮೋರಿ ಮೇಲ್ವಿಚಾರಣೆಯಲ್ಲಿ, ಮಿಯುರಾ ಅವರ ಸಹಾಯಕರಿದ್ದ ಸ್ಟುಡಿಯೊ ಗಾಗಾ ಚಿತ್ರ ಬರೆಯುತ್ತಾ, ಮಂಗಾ ಮತ್ತೆ ಶುರುವಾಯಿತು. ಮೋರಿ ಕೊಟ್ಟ ಮಾತು ಇಷ್ಟೇ: ಗೆಳೆಯ ಹೇಳಿದ್ದನ್ನು ಮಾತ್ರ ಬರೆಸ್ತೀನಿ, ನನ್ನದು ಏನೂ ಸೇರಿಸಲ್ಲ.

ಹಾಗಾದರೆ ಗೌರವ ಅಂದ್ರೆ ಯಾವುದು? ಏನನ್ನೂ ಸೇರಿಸದ ಮೋರಿಯವರದ್ದೋ, ಎಲ್ಲವನ್ನೂ ಬದಲಾಯಿಸಿದ ಮಿಯಾಝಾಕಿಯವರದ್ದೋ? ನನಗನಿಸೋದು, ಎರಡೂ. ಕಥೆ ಮಿಯುರಾ ಅವರದ್ದು, ಅದನ್ನು ಮುಗಿಸೋಕೆ ಗೆಳೆಯನ ಸಂಯಮ ಬೇಕು. ಆದರೆ ಸೋತರೂ ಏಳಬೇಕು ಅನ್ನೋ ಭಾವ ಯಾರ ಸ್ವತ್ತೂ ಅಲ್ಲ. ಅದು ಬಾಷ್‌ನ ನರಕದಿಂದ ಮಿಯುರಾ ಪುಟಕ್ಕೆ, ಅಲ್ಲಿಂದ ನಿಮ್ಮ ಕಂಟ್ರೋಲರ್‌ಗೆ ದಾಟಿ ಬಂದಿದೆ. ತೆಗೆದುಕೊಂಡವರು ಏನಾದರೂ ಹೊಸದನ್ನು ಕೇಳಿದರೆ, ಕೊಟ್ಟವರ ಹೆಸರು ಹೇಳೋಕೆ ನಾಚಿಕೆಪಡದಿದ್ದರೆ, ಅದು ಕಳ್ಳತನ ಆಗಲ್ಲ.

ಮುಂದಿನ ಸಲ ಆ ಚಕ್ರದ ಅಸ್ಥಿಪಂಜರ ನಿಮ್ಮನ್ನು ಗುದ್ದಿ ಕೆಡವಿದಾಗ, ಬಯ್ಯೋಕೆ ಮುಂಚೆ ಮಿಯುರಾ ಅವರನ್ನು ಒಂದು ಕ್ಷಣ ನೆನಪಿಸಿಕೊಳ್ಳಿ. ಆಮೇಲೆ ಎದ್ದು ಮತ್ತೆ ಹೋಗಿ. ಇನ್ನೊಂದು ಎಪಿಸೋಡ್‌ನಲ್ಲಿ ಸಿಗೋಣ.